ಬೆಕ್ಕು ತುಂಬಿದ ಮನೆಗೆ ಮೊದಲು ಯಾರು ಹೋಗಬೇಕು

(ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ಪಶುವೈದ್ಯನಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆಯುವಾಗ ವಿಷಯವನ್ನು ಚುಟುಕಾಗಿ ಹೇಳಿದರು: "ಡಾಕ್ಟ್ರೇ, ನಮ್ಮ ಬೀದೀಲಿ ಒಬ್ಬರ ಮನೆ ತುಂಬ ಬೆಕ್ಕು. ವಾಸನೆ ತಡೆಯೋಕಾಗ್ತಿಲ್ಲ. ಬಂದು ಏನಾದ್ರೂ ದಾರಿ ಹೇಳಿ." ಆ ಮನೆ ಯಾವುದು ಅಂತ ನಾನು ಕೇಳಲಿಲ್ಲ. ಇವತ್ತು ಇಲ್ಲಿ ಯಾರೂ ಹೇಳುವುದೂ ಬೇಡ. ಅವರು ಈ ಸಭೆಯಲ್ಲಿಲ್ಲ. ಇಲ್ಲದವರ ಹೆಸರು ಹಿಡಿದು ನಾವು ಮಾತಾಡಲು ಶುರು ಮಾಡಿದರೆ ನಾಳೆ ಅವರ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ಇಂಥದ್ದೊಂದು ಮನೆ ಇತ್ತು. ಕೆಲವು ಕಡೆ ಬೆಕ್ಕು, ಕೆಲವು ಕಡೆ ನಾಯಿ. ದೂರು ಮಾತ್ರ ಎಲ್ಲ ಕಡೆಯೂ ಒಂದೇ: ವಾಸನೆ. ಕೇಳುವುದೂ ಒಂದೇ: ಖಾಲಿ ಮಾಡಿಸಿ.

ಖಾಲಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಖಾಲಿಯಾದ ಮನೆ ಮತ್ತೆ ತುಂಬದಂತೆ ನೋಡಿಕೊಳ್ಳುವುದು ಕಷ್ಟ. ನಾನು ಇವತ್ತು ಮಾತಾಡುವುದು ಅದರ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೆಚ್ಚು ಪ್ರಾಣಿ ಸಾಕಿದವರೆಲ್ಲ, ನೋಡಿಕೊಳ್ಳಲಾಗದಷ್ಟು ಪ್ರಾಣಿಗಳನ್ನು ಕೂಡಿಹಾಕಿಕೊಂಡ ಈ ಸ್ಥಿತಿಯಲ್ಲಿ ಇರುವುದಿಲ್ಲ. ಹನ್ನೆರಡು ನಾಯಿ ಸಾಕಿ, ಹನ್ನೆರಡಕ್ಕೂ ಮರಿಯಾಗದಂತೆ ಆಪರೇಷನ್ ಮಾಡಿಸಿ, ವರ್ಷವರ್ಷ ಲಸಿಕೆ ಹಾಕಿಸಿ, ಅಂಗಳ ತೊಳೆದು ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಮೂರೇ ಬೆಕ್ಕು ಇಟ್ಟುಕೊಂಡು ಮೂರನ್ನೂ ಹಸಿವಿನಲ್ಲಿ ಕೆಡವಿದ ಮನೆಯನ್ನೂ ಕಂಡಿದ್ದೇನೆ. 2018ರಲ್ಲಿ ಬೆಂಗಳೂರು ಪಾಲಿಕೆ ಫ್ಲಾಟಿಗೆ ಒಂದು ನಾಯಿ, ಸ್ವಂತ ಮನೆಗೆ ಮೂರು ಎಂದು ನಿಯಮ ತರಲು ಹೊರಟಾಗ ಜನ ದೊಡ್ಡ ಮಟ್ಟದಲ್ಲಿ ವಿರೋಧಿಸಿದರು, ಪಾಲಿಕೆ ಹಿಂದೆ ಸರಿಯಿತು. ಅದು ಸರಿಯಾಗಿಯೇ ಆಯಿತು ಎಂಬುದು ನನ್ನ ಅಭಿಪ್ರಾಯ. ಸಂಖ್ಯೆ ಇಟ್ಟುಕೊಂಡು ಅಳೆದರೆ ಚೆನ್ನಾಗಿ ಸಾಕುವವರು ಸಿಕ್ಕಿಬೀಳುತ್ತಾರೆ, ಸಾಕಲಾಗದವರು ತಪ್ಪಿಸಿಕೊಳ್ಳುತ್ತಾರೆ.

ಹಾಗಾದರೆ ಅಳೆಯುವುದು ಹೇಗೆ? 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಪ್ರಾಣಿಗಳಿಗೆ ಸಲ್ಲಬೇಕಾದ ಐದು ಬಿಡುಗಡೆಗಳನ್ನು ಎತ್ತಿ ಹೇಳಿತು: ಹಸಿವು ಬಾಯಾರಿಕೆಯಿಂದ, ಭಯ ಸಂಕಟದಿಂದ, ಮೈಯ ಅನಾನುಕೂಲದಿಂದ, ನೋವು ರೋಗಗಳಿಂದ ಬಿಡುಗಡೆ, ಜೊತೆಗೆ ತನ್ನ ಜಾತಿಯ ಸಹಜ ನಡವಳಿಕೆಗೆ ಅವಕಾಶ. ಪಕ್ಕದ ಮನೆಯ ಬೆಕ್ಕನ್ನು ಈ ಐದರ ಮುಂದೆ ನಿಲ್ಲಿಸಿ ನೋಡಿ. ಪಕ್ಕೆಲುಬು ಎಣಿಸುವಂತಿದೆಯೇ? ಕಣ್ಣು ಪಿಸುರು ಕಟ್ಟಿ ಅಂಟಿಕೊಂಡಿದೆಯೇ? ಮೈಮೇಲೆ ಕೂದಲುದುರಿದ ದುಂಡನೆಯ ಮಚ್ಚೆಗಳಿವೆಯೇ? ಸತ್ತ ಮರಿಯನ್ನು ಹೂಳದೆ ಹಾಗೇ ಬಿಟ್ಟಿದ್ದಾರೆಯೇ? ಆಮೇಲೆ ಮನುಷ್ಯರನ್ನು ನೋಡಿ. ಅವರು ಕಿಟಕಿ ತೆಗೆದು ಎಷ್ಟು ದಿನವಾಯಿತು? ಹಾಲಿನವನಿಗೆ ಗೇಟಿನಲ್ಲೇ ದುಡ್ಡು ಕೊಟ್ಟು ಕಳಿಸುತ್ತಾರೆಯೇ? ನೆಂಟರು ಬರುವುದು ನಿಂತಿದೆಯೇ?

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ 1999ರಲ್ಲಿ ಇಂಥ 54 ಪ್ರಕರಣಗಳನ್ನು ಒಟ್ಟುಗೂಡಿಸಿ ಬರೆದರು. ಅವರ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೆಂಗಸರು, ಹತ್ತಿರ ಹತ್ತಿರ ಅರ್ಧದಷ್ಟು ಜನ ಅರವತ್ತು ದಾಟಿದವರು. ಅವರು ಗುರುತಿಸಿದ ಲಕ್ಷಣಗಳಲ್ಲಿ ನನಗೆ ಮುಖ್ಯವೆನಿಸುವುದು ಕೊನೆಯದು. ಪ್ರಾಣಿಗಳಿಗೆ ಹೊಟ್ಟೆಗಿಲ್ಲ, ಚಿಕಿತ್ಸೆಯಿಲ್ಲ, ಮನೆ ಗಲೀಜಾಗಿದೆ. ಇಷ್ಟಾದರೂ ಸಾಕುವವರಿಗೆ ಅದು ಕಾಣುವುದೇ ಇಲ್ಲ. "ನನ್ನ ಮಕ್ಕಳು ಚೆನ್ನಾಗಿದ್ದಾವೆ" ಎನ್ನುತ್ತಾರೆ, ಕಾಲ ಬುಡದಲ್ಲೇ ಒಂದು ಮರಿ ಉಸಿರಿಗೆ ಎಳೆದಾಡುತ್ತಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಕೂಡಿಡುವ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ, ಪ್ರಾಣಿಗಳನ್ನು ಕೂಡಿಹಾಕುವುದೂ ಅದರ ಒಂದು ರೂಪವೆಂದು ಹೇಳಿದೆ. ವಾಸನೆಯೂ ಅವರಿಗೆ ನಮ್ಮಷ್ಟು ತಟ್ಟುವುದಿಲ್ಲ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ಆದ್ದರಿಂದ "ನಿಮ್ಮನೆ ನಾರ್ತಿದೆ" ಎಂಬ ಮಾತು ಅವರ ಕಿವಿಗೆ ಬರೀ ಬೈಗುಳವಾಗಿ ಬೀಳುತ್ತದೆ.

ಈಗ ಆ ಮನೆ ತುಂಬಿದ್ದು ಹೇಗೆ ಎಂಬ ಮಾತಿಗೆ ಬರುತ್ತೇನೆ. ಇದನ್ನು ನಿಧಾನವಾಗಿ ಹೇಳಬೇಕು.

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಒಂಬತ್ತು ವಾರ. ಒಂದು ಸೂಲಿಗೆ ಮೂರೋ ನಾಲ್ಕೋ ಐದೋ ಮರಿ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ಹೊಟ್ಟೆಗೆ ಸರಿಯಾಗಿ ಸಿಗುವ ಮನೆಯಲ್ಲಿ ಎರಡು ಹೆಣ್ಣು ಬೆಕ್ಕುಗಳಿದ್ದರೆ ವರ್ಷ ಮುಗಿಯುವಷ್ಟರಲ್ಲಿ ಇಪ್ಪತ್ತು ಮುಟ್ಟಬಹುದು. ಯಾರೂ ಹುಡುಕಿಕೊಂಡು ಹೋಗಿ ತರಬೇಕಿಲ್ಲ. ಒಂದು ಆಪರೇಷನ್ನಿಗೆ ದುಡ್ಡು ಹೊಂದಿಸಲಾಗದ ತಿಂಗಳು ಮುಂದಿನ ವರ್ಷದ ಹೊತ್ತಿಗೆ ಇಪ್ಪತ್ತು ಆಪರೇಷನ್ನಿನ ಖರ್ಚಾಗಿ ಬಂದು ನಿಲ್ಲುತ್ತದೆ. ಪಿಂಚಣಿಯಲ್ಲಿ ಬದುಕುವವರು ಅಲ್ಲಿಗೆ ಕೈಚೆಲ್ಲುತ್ತಾರೆ.

ಇದು ಅರ್ಧ ಕಥೆ. ಇನ್ನರ್ಧ ನಮ್ಮ ಕಾಂಪೌಂಡಿನ ಈಚೆ ಇದೆ. "ಆ ಮನೆಯಮ್ಮ ಬೆಕ್ಕಿಗೆ ಹಾಲು ಹಾಕ್ತಾರೆ" ಎಂದು ಒಮ್ಮೆ ಊರಿಗೆ ಗೊತ್ತಾಯಿತೆಂದರೆ ಬೆಳಗಾಗುವಷ್ಟರಲ್ಲಿ ಗೇಟಿನ ಬಳಿ ರಟ್ಟಿನ ಡಬ್ಬ ಇರುತ್ತದೆ. ಒಳಗೆ ಕಣ್ಣು ಬಿಡದ ಮರಿಗಳು. ಇಟ್ಟವರು ಯಾರು? ಬೇರೆ ಊರಿನಿಂದ ಬಂದವರಲ್ಲ. ಮನೆ ಬದಲಾಯಿಸುವಾಗ ನಾಯಿಯನ್ನು ಆ ಗೇಟಿಗೆ ಕಟ್ಟಿ ಹೋದವರು, ಮಗುವಿಗೆ ಅಲರ್ಜಿ ಅಂತ ಬೆಕ್ಕನ್ನು ಚೀಲದಲ್ಲಿ ತಂದು ಬಿಟ್ಟವರು, "ಅಮ್ಮಾ, ನೀವು ಪುಣ್ಯವಂತರು, ಇದನ್ನೂ ಒಂದು ನೋಡ್ಕೊಳ್ಳಿ" ಎಂದು ಕೈಮುಗಿದು ಹೋದವರು, ಎಲ್ಲರೂ ಅಕ್ಕಪಕ್ಕದವರೇ. ಆಮೇಲೆ ದೂರಿನ ಅರ್ಜಿಗೆ ಸಹಿ ಹಾಕುವವರಲ್ಲೂ ಅವರಲ್ಲಿ ಕೆಲವರು ಇರುತ್ತಾರೆ. ಇಂಥ ಮನೆಗಳ ಬಾಗಿಲಲ್ಲಿ ನಿಂತು ನಾನು ಕೇಳಿದ ಮಾತುಗಳಲ್ಲಿ ಮನಸ್ಸಿಗೆ ನಾಟಿದ್ದು ಒಂದು: "ನಾನು ಬೇಡ ಅಂದ್ರೆ ಅದನ್ನ ರಸ್ತೆಗೆ ಎಸೀತಾರೆ ಡಾಕ್ಟ್ರೇ." ಆ ಮಾತು ಸುಳ್ಳಲ್ಲ.

ಕಾನೂನು ಇಲ್ಲಿ ನಮಗೆ ಒಂದು ಸಂಗತಿ ತೋರಿಸಿಕೊಡುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಒಂದನೇ ಉಪವಿಭಾಗದಲ್ಲಿ 'ಎಚ್' ಎಂಬ ಖಂಡವಿದೆ: ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ. ಬೆಕ್ಕಿನ ಮನೆಯವರ ಮೇಲೆ ದೂರು ಕೊಡುವವರು ಇದನ್ನು ಹಿಡಿಯುತ್ತಾರೆ. ಅದರ ಮರುಸಾಲಿನಲ್ಲೇ 'ಐ' ಖಂಡವಿದೆ. ಸರಿಯಾದ ಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದೂ ಅಷ್ಟೇ ಅಪರಾಧ. ಎರಡಕ್ಕೂ ಶಿಕ್ಷೆ ಒಂದೇ. ಡಬ್ಬ ಇಟ್ಟು ಹೋದವರೂ ಡಬ್ಬ ಎತ್ತಿಕೊಂಡವರೂ ಕಾನೂನಿನ ಕಣ್ಣಲ್ಲಿ ಅಕ್ಕಪಕ್ಕ ನಿಂತಿದ್ದಾರೆ. ಅರ್ಜಿ ಬರೆಯುವ ಮುನ್ನ ನಮ್ಮ ಬೀದಿ ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಆ ಮನುಷ್ಯರ ಒಳಗು. ಗಂಡ ತೀರಿಕೊಂಡ ವರ್ಷ, ನಿವೃತ್ತಿಯಾದ ವರ್ಷ, ಮಗಳು ವಿದೇಶಕ್ಕೆ ಹೋದ ವರ್ಷ, ಹೀಗೆ ಒಂದು ಅಗಲಿಕೆಯ ಆಸುಪಾಸಿನಲ್ಲಿ ಇದು ಶುರುವಾಗಿದ್ದನ್ನು ನಾನು ಹಲವು ಕಡೆ ನೋಡಿದ್ದೇನೆ. ದಿನಕ್ಕೆ ಎರಡು ಹೊತ್ತು ತನಗಾಗಿ ಕಾಯುವ ಜೀವಗಳಿವೆ ಎಂಬುದೇ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ಈ ವಿಷಯ ಅಧ್ಯಯನ ಮಾಡಿದವರು ಮೂರು ಬಗೆ ಹೇಳುತ್ತಾರೆ. ಮೊದಲು ಚೆನ್ನಾಗಿಯೇ ಸಾಕುತ್ತಿದ್ದು, ಕಾಯಿಲೆಯೋ ದುಡ್ಡಿನ ಮುಗ್ಗಟ್ಟೋ ಬಂದು ಕೈಮೀರಿ ಹೋದವರು ಒಂದು ಬಗೆ. ಎಲ್ಲವನ್ನೂ ತಾನೇ ಉಳಿಸಬೇಕು, ಬೇರೆ ಯಾರಿಂದಲೂ ಆಗದು ಎಂದು ನಂಬಿದವರು ಎರಡನೆಯವರು. ಪ್ರಾಣಿಯ ಹೆಸರಲ್ಲಿ ದೇಣಿಗೆ ಎತ್ತುವ, ಮರಿ ಮಾರುವ, ಪ್ರಾಣಿಯ ನೋವು ಮುಟ್ಟದ ಜನ ಮೂರನೆಯವರು. ಈ ಮೂರನೆಯವರ ಜೊತೆ ಸೌಮ್ಯವಾಗಿ ಮಾತಾಡಿ ಫಲವಿಲ್ಲ, ಅಲ್ಲಿಗೆ ನೇರ ಕಾನೂನೇ ಹೋಗಬೇಕು. ನಿಮ್ಮ ಬೀದಿಯಲ್ಲಿ ಇರುವವರು ಬಹುಮಟ್ಟಿಗೆ ಮೊದಲ ಬಗೆಯವರೇ ಇರುತ್ತಾರೆ, ಅವರಿಗೆ ನೆರವು ಸಿಕ್ಕರೆ ಸುಧಾರಿಸುತ್ತದೆ. ಒಂದು ಎಚ್ಚರಿಕೆ: ಮೊದಲೆಲ್ಲ ಅಚ್ಚುಕಟ್ಟಾಗಿದ್ದವರು ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ಹೀಗಾದರೆ ಅದು ಮರೆವಿನ ಕಾಯಿಲೆಯ ಆರಂಭವೂ ಆಗಿರಬಹುದು. ಅಂಥವರನ್ನು ವೈದ್ಯರಿಗೆ ತೋರಿಸುವುದು ಬೆಕ್ಕುಗಳಿಗಿಂತ ಮೊದಲ ಕೆಲಸ.

ಮೊದಲು ಹೋಗಬೇಕಾದವರು ಯಾರು? ಸಂಘದ ಅಧ್ಯಕ್ಷರಂತೂ ಬೇಡ, ದಯವಿಟ್ಟು ತಪ್ಪು ತಿಳಿಯಬೇಡಿ. ಐದು ಜನರ ಗುಂಪೂ ಬೇಡ, ಮೊಬೈಲು ಹಿಡಿದು ವಿಡಿಯೋ ಮಾಡುವವರು ಬೇಡವೇ ಬೇಡ. ಆ ವಿಡಿಯೋ ಒಮ್ಮೆ ವಾಟ್ಸಾಪಿನಲ್ಲಿ ಹರಿದಾಡಿದರೆ ಆಮೇಲೆ ಎಂಥ ಒಳ್ಳೆಯ ಮಾತಿಗೂ ಆ ಬಾಗಿಲು ತೆರೆಯುವುದಿಲ್ಲ. ಈಗಾಗಲೇ ಅವರ ಗೇಟಿಗೆ ದಿನಾ ಹೋಗುವವರು ಒಬ್ಬರಿರುತ್ತಾರೆ. ಹೂವಿನವರು, ಹಾಲಿನವರು, ಕಸ ತೆಗೆದುಕೊಳ್ಳುವ ಪೌರಕಾರ್ಮಿಕರು, ಆಶಾ ಕಾರ್ಯಕರ್ತೆ. ಅವರೇ ಸರಿ.

ಒಂದು ಊರಿನಲ್ಲಿ ನಡೆದದ್ದು ಹೇಳುತ್ತೇನೆ, ಗುರುತು ಸಿಗದ ಹಾಗೆ. ನಿವೃತ್ತ ಶಿಕ್ಷಕಿಯೊಬ್ಬರು. ಮನೆಯೊಳಗೆ ಮೂವತ್ತು ದಾಟಿದ ಬೆಕ್ಕುಗಳು. ನೋಟಿಸು ಕೊಡಲು ಹೋದವರಿಗೆ ಬಾಗಿಲು ತೆಗೆಯಲಿಲ್ಲ. ದಿನಾ ಮೊಳ ಹೂವು ಕೊಡುತ್ತಿದ್ದ ಹೆಂಗಸು ಒಂದು ಬೆಳಗ್ಗೆ ಕೇಳಿದಳು: "ಟೀಚರಮ್ಮ, ಆ ಬಿಳಿ ಮರಿ ಕಣ್ಣು ಅಂಟ್ಕೊಂಡಿದೆಯಲ್ಲ. ನನ್ ಮಗನ ಗಾಡೀಲಿ ಆಸ್ಪತ್ರೆಗೆ ತಗೊಂಡ್ಹೋಗಿ ತೋರಿಸ್ಕೊಂಡು ಬರ್ಲಾ? ಸಾಯಂಕಾಲಕ್ಕೆ ವಾಪಸ್ ತಂದ್ಕೊಡ್ತೀನಿ." ಟೀಚರು ಬಹಳ ಹೊತ್ತು ಯೋಚಿಸಿ ಕೊಟ್ಟರು. ಸಂಜೆ ಮರಿ ಕಣ್ಣಿಗೆ ಮುಲಾಮು ಹಚ್ಚಿಸಿಕೊಂಡು ವಾಪಸ್ ಬಂತು. ಎಲ್ಲ ನಿಂತಿದ್ದು ಆ 'ವಾಪಸ್' ಮೇಲೆ. ಮುಂದಿನ ವಾರ ಎರಡು ಬೆಕ್ಕು ಕಳಿಸಿದರು. ಆಮೇಲೆ ನಾನು ಮನೆಗೇ ಹೋಗುವಂತಾಯಿತು. ನಾನು ಮನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರತಿ ಬೆಕ್ಕಿನ ಹೆಸರು ಕೇಳಿ ಬರೆದುಕೊಂಡೆ. ಅವರೂ ಪುಸ್ತಕ ತಂದು ನನ್ನ ಜೊತೆ ಬರೆಯತೊಡಗಿದರು. ಬರೆಯುತ್ತ ಬರೆಯುತ್ತ ಪಟ್ಟಿ ಎರಡನೇ ಪುಟಕ್ಕೆ ತಿರುಗಿದಾಗ ಅವರೇ ಪೆನ್ನು ಕೆಳಗಿಟ್ಟು "ಇಷ್ಟೊಂದಾ?" ಅಂದರು. ಯಾರೋ ಹೊರಗಿನವರು ಎಣಿಸಿ ಹೇಳಿದ್ದರೆ ಜಗಳವಾಗುತ್ತಿತ್ತು.

ಅಲ್ಲಿಂದ ಕೆಲಸ ಹೀಗೆ ನಡೆಯಿತು. ಮೊದಲು ಹೆಣ್ಣು ಬೆಕ್ಕುಗಳಿಗೆ ಆಪರೇಷನ್, ಆಮೇಲೆ ಗಂಡು. ಈ ಅನುಕ್ರಮ ತಪ್ಪಬಾರದು. ಬೆಕ್ಕುಗಳನ್ನು ಬೇರೆಯವರಿಗೆ ಕೊಡುವ ಮಾತನ್ನು ಮೊದಲೇ ಎತ್ತಿದರೆ ಎಲ್ಲವೂ ಮುರಿದುಬೀಳುತ್ತದೆ, ಆಪರೇಷನ್ ಬಾಕಿ ಇಟ್ಟು ಕೊಟ್ಟರೆ ಎರಡು ಮನೆಗಳು ತುಂಬುತ್ತವೆ. ಖರ್ಚನ್ನು ಬೀದಿಯವರು ಹಂಚಿಕೊಂಡರು. ಬೀದಿ ನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣದ ಹೊಣೆ ಸ್ಥಳೀಯ ಸಂಸ್ಥೆಯದ್ದು, ಅರ್ಜಿ ಕೊಟ್ಟು ಕೇಳಬಹುದು. ಬೆಕ್ಕಿಗೆ ಹೆಚ್ಚಿನ ಊರುಗಳಲ್ಲಿ ನಾವೇ ದುಡ್ಡು ಹೊಂದಿಸಬೇಕು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳಿವೆ, ಮೈಸೂರು, ಮಂಗಳೂರುಗಳಲ್ಲೂ ಪ್ರಾಣಿದಯಾ ಸಂಘಗಳಿವೆ. ಅವರ ಜಾಗವೂ ಯಾವಾಗಲೂ ತುಂಬಿರುತ್ತದೆ ಎಂಬುದನ್ನು ತಿಳಿದೇ ಕೇಳಬೇಕು. ಆಪರೇಷನ್ ಮುಗಿದ ಮೇಲೆ ಮರಿಗಳಿಗೆ ಒಂದೊಂದೇ ಮನೆ ಹುಡುಕಿದೆವು. ಟೀಚರೇ ಆ ಮನೆಯವರನ್ನು ನೋಡಿ ಒಪ್ಪಿ ಕೊಟ್ಟರು. ಕೊನೆಗೆ ಅವರ ಬಳಿ ಕೆಲವು ಮುದಿ ಬೆಕ್ಕುಗಳು ಉಳಿದವು, ಉಳಿಯಬೇಕೂ ಆಗಿತ್ತು. ಎಲ್ಲವನ್ನೂ ಕಸಿದುಕೊಂಡ ಮನೆಯಲ್ಲಿ ತಿಂಗಳೊಳಗೆ ಹೊಸ ಮರಿ ಕಾಣಿಸುತ್ತದೆ. ಇದು ನನ್ನೊಬ್ಬನ ಅನುಭವವಲ್ಲ, ಈ ವಿಷಯದಲ್ಲಿ ಕೆಲಸ ಮಾಡಿದವರೆಲ್ಲ ಇದನ್ನೇ ಹೇಳುತ್ತಾರೆ.

ಆರೋಗ್ಯದ ಮಾತು ಸಂಕ್ಷೇಪವಾಗಿ. ನಿಮ್ಮ ಮೂಗಿಗೆ ಹೊಡೆಯುವುದು ಬಹುಪಾಲು ಮೂತ್ರದಿಂದ ಏಳುವ ಅಮೋನಿಯಾ ಅನಿಲ. ನಮ್ಮ 1948ರ ಕಾರ್ಖಾನೆ ಕಾಯ್ದೆ ಎಂಟು ಗಂಟೆಯ ಪಾಳಿಗೆ 25 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು) ಮಿತಿ ಹಾಕಿತ್ತು, ಕಿಟಕಿ ಮುಚ್ಚಿದ ಇಂಥ ಮನೆಯಲ್ಲಿ ವಯಸ್ಸಾದವರು ದಿನವಿಡೀ ಅದನ್ನೇ ಉಸಿರಾಡುತ್ತಾರೆ. ಆದ್ದರಿಂದ ವಾಸನೆಯ ದೂರು ನಮ್ಮ ಅನಾನುಕೂಲದ ದೂರಾಗಿ ನಿಲ್ಲಬಾರದು, ಅವರ ಶ್ವಾಸಕೋಶದ ಚಿಂತೆಯೂ ಆಗಬೇಕು. ನೆರವಿಗೆ ಹೋಗುವವರು ಕೈಗವಸು, ಮಾಸ್ಕು ಹಾಕಿ. ಹುಳುಕಡ್ಡಿ, ಕಜ್ಜಿ, ಚಿಗಟ ಅಂಟಬಹುದು. ಇಲಿ ಓಡಾಡುವ ಕಡೆ ಇಲಿಜ್ವರದ ಭಯವಿದೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿದ ಮೇಲೆ ಉಳಿಸುವುದು ಅಸಾಧ್ಯವೆಂದೇ ಹೇಳಬೇಕು.

ಕಾನೂನಿನ ಬಾಗಿಲು ಯಾವಾಗ ತಟ್ಟಬೇಕು? ಪ್ರಾಣಿಗಳು ಸಾಯುತ್ತಿದ್ದು ಒಳಗೆ ಯಾರನ್ನೂ ಬಿಡದಿದ್ದಾಗ, ಮನೆಯವರ ಜೀವಕ್ಕೇ ಅಪಾಯ ಕಂಡಾಗ ತಡ ಮಾಡಬೇಡಿ. ಆದರೆ ಅದರಿಂದ ಎಷ್ಟು ಆಗುತ್ತದೆ ಎಂಬುದನ್ನೂ ತಿಳಿದಿರಿ. ನಾನು ಹೇಳಿದ 'ಎಚ್' ಖಂಡದ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಅಪರಾಧ ಸಾಬೀತಾಗಿ, ಪ್ರಾಣಿ ಅವರ ಕೈಯಲ್ಲೇ ಉಳಿದರೆ ಮತ್ತೆ ಹಿಂಸೆಗೆ ಗುರಿಯಾಗುತ್ತದೆ ಎಂದು ಕಂಡರೆ ನ್ಯಾಯಾಲಯ 29ನೇ ಸೆಕ್ಷನ್ ಪ್ರಕಾರ ಅದನ್ನು ಅವರಿಂದ ಬಿಡಿಸಬಹುದು. ಮನುಷ್ಯರ ಬಗ್ಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಬೇಡವೆನ್ನುವವರನ್ನು ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಲು ಅದು ಬಿಡುವುದಿಲ್ಲ. ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕಿದ್ದಾರೆ ಎಂದು ಮನೋವೈದ್ಯರು ಪರೀಕ್ಷಿಸಿ ಹೇಳಿದರೆ ಮಾತ್ರ, ಅದೂ ಮಿತ ಅವಧಿಗೆ. ಇದು ಒಳ್ಳೆಯ ಕಾನೂನು. ನಾಳೆ ನಮಗೂ ಇದೇ ಅನ್ವಯಿಸುತ್ತದೆ.

ಸಲಹೆಗೆ ಹಣ ಬೇಕಿಲ್ಲ. ಮಾನಸಿಕ ಆರೋಗ್ಯದ 14416 ಟೆಲಿ ಮಾನಸ್ ಸಹಾಯವಾಣಿಗೆ ನೆರೆಯವರಾಗಿ ನೀವೇ ಕರೆ ಮಾಡಿ, ಹೇಗೆ ಮಾತಾಡಬೇಕೆಂದು ಕೇಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರಿಗೆ 14567 ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲ ಜಿಲ್ಲೆಗಳಲ್ಲಿ ಇದೆ. ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸದಿಂದ. ಮಕ್ಕಳು ದೂರದಲ್ಲಿದ್ದರೆ ಅವರಿಗೂ ತಿಳಿಸಿ. ತಿಳಿಸುವಾಗ "ನಿಮ್ಮ ತಾಯಿಯಿಂದ ನಮಗೆ ತೊಂದರೆ" ಅನ್ನಬೇಡಿ, "ಅಮ್ಮನಿಗೆ ಸುಸ್ತಾಗಿದೆ, ಒಂದ್ಸಲ ಬಂದು ನೋಡ್ಕೊಂಡು ಹೋಗಿ" ಅನ್ನಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

(ನಂತರದ ಪ್ರಶ್ನೋತ್ತರದಿಂದ)

ಒಬ್ಬ ಹಿರಿಯರು ಕೇಳಿದರು: "ಅರ್ಧ ಬೆಕ್ಕುಗಳನ್ನು ಹಿಡಿಸಿ ಊರಾಚೆ ಕೆರೆ ಹತ್ತಿರ ಬಿಟ್ಟು ಬಂದರೆ ಆಗದೇ?"

ಆಗದು. ಅದೇ 'ಐ' ಖಂಡಕ್ಕೆ ನೀವೇ ಸಿಕ್ಕಿಕೊಳ್ಳುತ್ತೀರಿ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಹೊಸ ಜಾಗದಲ್ಲಿ ಊಟ ಹುಡುಕಲು ಬರುವುದಿಲ್ಲ. ಕೆಲವು ನಾಯಿಗಳ ಬಾಯಿಗೆ, ಕೆಲವು ಗಾಡಿಗಳ ಚಕ್ರಕ್ಕೆ ಸಿಗುತ್ತವೆ. ಅವರಿಗೆ ಅದು ತಿಳಿದ ದಿನ ಈ ಬೀದಿಯ ಯಾರನ್ನೂ ಅವರು ಮತ್ತೆ ನಂಬುವುದಿಲ್ಲ.

"ನಾವು ಕರೆದರೂ ಬಾಗಿಲೇ ತೆಗೆಯದಿದ್ದರೆ?"

ತೆಗೆಯದಿರಲಿ. ಗೇಟಿನಲ್ಲಿ ನಿಂತೇ ಮಾತಾಡಿ. ವಾರಕ್ಕೊಮ್ಮೆ ಹೋಗಿ, ಅದೇ ಒಬ್ಬರು ಹೋಗಿ. ಒಂದು ಚೀಲ ಬೆಕ್ಕಿನ ಆಹಾರವೋ ಅವರಿಗೇ ಒಂದು ಡಬ್ಬಿ ಸಾರೋ ಕೊಟ್ಟು ಬನ್ನಿ. "ಆಹಾರ ಕೊಟ್ಟರೆ ಬೆಕ್ಕು ಇನ್ನೂ ಹೆಚ್ಚಲ್ವಾ" ಅಂತ ನೀವು ಕೇಳಬಹುದು. ಬೆಕ್ಕು ಹೆಚ್ಚುವುದು ಆಪರೇಷನ್ ಇಲ್ಲದ್ದರಿಂದ. ಆಹಾರ ನಿಂತರೆ ಅವು ಹಸಿದು ಕಾಯಿಲೆ ಬೀಳುತ್ತವೆ, ಮರಿ ಹಾಕುವುದಂತೂ ನಿಲ್ಲುವುದಿಲ್ಲ. ಎರಡು ದಿನ ಹಾಲಿನ ಪ್ಯಾಕೆಟ್ಟು ಗೇಟಿನಲ್ಲೇ ಬಿದ್ದಿದ್ದರೆ, ಕರೆದರೆ ದನಿ ಬರದಿದ್ದರೆ ಮಾತ್ರ ಕಾಯದೆ 112ಕ್ಕೆ ಕರೆ ಮಾಡಿ.

ಕೊನೆಯ ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದರು: "ಡಾಕ್ಟ್ರೇ, ನಾನು ಅವರ ಮನೆ ಎದುರಿಗೇ ಇರೋದು. ಅವರು ನನ್ನ ಜೊತೆ ಸ್ವಲ್ಪ ಮಾತಾಡ್ತಾರೆ. ನಾಳೆ ನಾನೇನು ಮಾಡ್ಲಿ?"

ನೀವು ನಾಳೆ ಏನೂ ಹೇಳಬೇಡಿ ಅಮ್ಮ, ಎಂದಿನ ಹಾಗೆ ಮಾತಾಡಿಸಿ. ಸಂಘದವರು ಈ ವಾರ ಎರಡು ಕೆಲಸ ಮಾಡಲಿ. ಆ ಗೇಟಿನ ಕಡೆ ನಿಮ್ಮ ಯಾರದಾದರೂ ಸಿಸಿಟಿವಿ ಇದ್ದರೆ ಅದನ್ನು ಡಬ್ಬ ಇಟ್ಟು ಹೋಗುವವರ ಮೇಲೆ ಕಣ್ಣಿಡಲು ಬಳಸಿ, ಅವರ ಮನೆಯ ಒಳಗಿನ ಮೇಲಲ್ಲ. ಮತ್ತೆ, ಹತ್ತು ಹೆಣ್ಣು ಬೆಕ್ಕುಗಳ ಆಪರೇಷನ್ನಿಗೆ ಆಗುವಷ್ಟು ದುಡ್ಡು ಒಟ್ಟು ಮಾಡಿ ಇಟ್ಟಿರಿ. ಅವರು ಒಪ್ಪಿದ ದಿನ "ಮುಂದಿನ ತಿಂಗಳು ನೋಡೋಣ" ಅನ್ನುವಂತಾಗಬಾರದು. ಅಷ್ಟಾದ ಮೇಲೆ ನೀವು ಕಾಯಿಲೆ ಬಿದ್ದ ಒಂದು ಬೆಕ್ಕಿನ ಹೆಸರು ಹಿಡಿದು ಕೇಳಿ, ಆಸ್ಪತ್ರೆಗೆ ತಗೊಂಡು ಹೋಗಿ ಬರ್ಲಾ ಅಂತ. ಒಪ್ಪಿದರೆ ಮುಚ್ಚಳ ಭದ್ರವಾಗಿರುವ ಬುಟ್ಟಿಯಲ್ಲಿ, ಮೇಲೆ ಬಟ್ಟೆ ಹೊದಿಸಿ ತನ್ನಿ. ಬೆಳಗ್ಗೆ ಹೊತ್ತು ಬಂದರೆ ಆಸ್ಪತ್ರೆಯಲ್ಲಿ ನಾನಿರುತ್ತೇನೆ. ಸಾಯಂಕಾಲ ಅದನ್ನು ಅವರ ಕೈಗೇ ಕೊಡಿ.